ಕೆರೆ ದಂಡೆಯಲ್ಲಿ ಇಪ್ಪತ್ತು ಜನ, ಎರಡೂವರೆ ಗಂಟೆ

ಬೆಂಗಳೂರಿನ ಕೆರೆಗಳಲ್ಲಿ ಭಾನುವಾರದ ಶ್ರಮದಾನಕ್ಕೆ ಜನ ಸಿಗುವುದು ಕಷ್ಟವಲ್ಲ. ಪರಿಸರ ದಿನ ಹತ್ತಿರ ಬಂದರಂತೂ ಕರೆಯದೆಯೇ ಬರುತ್ತಾರೆ. ಆದರೆ ಕೆರೆಗೆ ಬೇಕಾದದ್ದು ಅದೇ ಕೈಗಳು ಅದೇ ಜಾಗಕ್ಕೆ ಮೂರು ಮಳೆಗಾಲ ಬಿಡದೆ ಬರುವುದು. ನಮ್ಮ ಕೆರೆ ಬಳಗ ರೂಢಿಸಿಕೊಂಡ ಪದ್ಧತಿಗಳೆಲ್ಲ ಈ ಒಂದು ಅಗತ್ಯದಿಂದಲೇ ಹುಟ್ಟಿದವು.

ದಂಡೆಯನ್ನು ತುಂಡು ತುಂಡಾಗಿ ಹಂಚಿದ್ದೇವೆ. ಒಂದೊಂದು ತುಂಡು ಸುಮಾರು 30 ಅಡಿ ಉದ್ದ, 20 ಅಡಿ ಅಗಲ. ನಾಲ್ಕೂ ಮೂಲೆಗೆ ಸುಣ್ಣ ಬಳಿದ ಕಲ್ಲು. ಪ್ರತಿ ತುಂಡಿಗೆ ಮೂರು ಜನ. ಇಬ್ಬರೇ ಇದ್ದರೆ ಒಬ್ಬರು ಊರಿಗೆ ಹೋದ ವಾರ ಇನ್ನೊಬ್ಬರಿಗೂ ಬರುವ ಮನಸ್ಸಾಗುವುದಿಲ್ಲ. ಐದಾರು ಜನರಾದರೆ ಯಾರಾದರೂ ಹೋಗಿರುತ್ತಾರೆ ಬಿಡು ಎಂದು ಎಲ್ಲರೂ ಮನೆಯಲ್ಲೇ ಉಳಿಯುತ್ತಾರೆ. ಇಡೀ ಕೆರೆ ನೋಡಿದರೆ ಹೊಸಬರ ಉತ್ಸಾಹ ಅಲ್ಲೇ ಇಂಗಿಹೋಗುತ್ತದೆ. 600 ಚದರ ಅಡಿಯಾದರೆ ಕೈಗೆ ಹತ್ತುವ ಕೆಲಸ.

ಕೆಲಸ ಶುರುವಾಗುವ ಮೊದಲು ಜಾಗ ಯಾರದು, ಅನುಮತಿ ಯಾರು ಕೊಡಬೇಕು ಎಂಬುದು ಕಾಗದದಲ್ಲಿ ಇರಬೇಕು. 2011ರಲ್ಲಿ ಪುಟ್ಟೇನಹಳ್ಳಿ ಕೆರೆಯ ನಾಗರಿಕರ ಟ್ರಸ್ಟ್ ಪಾಲಿಕೆಯೊಂದಿಗೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡದ್ದು ಉಳಿದ ಬಳಗಗಳಿಗೆ ದಾರಿಯಾಯಿತು. ಒಪ್ಪಂದ ಇಲ್ಲದಿದ್ದರೂ ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂದು ಪತ್ರ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಿ. ಮರಕ್ಕೆ ಮಾತ್ರ ಮಚ್ಚು ತಾಗಿಸಬೇಡಿ. 1976ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಬೇಡದ ಮರ ಎಂದು ನಮಗೆ ಅನ್ನಿಸಿದರೂ ಅಷ್ಟೇ.

ಸ್ವಯಂಸೇವಕರ ಶ್ರಮ ಅತಿ ಹೆಚ್ಚು ವ್ಯರ್ಥವಾಗುವುದು ಲಂಟಾನ ಎಂಬ ಪೊದೆಕಳೆಯಲ್ಲಿ. ಹುರುಪಿನಿಂದ ಬಂದವರು ಪೊದೆಯನ್ನು ಮೊಣಕಾಲೆತ್ತರಕ್ಕೆ ಸವರಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಒಂದು ಮಳೆ ಬಿದ್ದರೆ ಸಾಕು, ಒಂದು ಕಾಂಡ ಇದ್ದಲ್ಲಿ ಹತ್ತು ಚಿಗುರು. ಇನ್ನು ಕೆಲವರು ಹಾರೆ ಹಾಕಿ ಬೇರುಸಮೇತ ಎಬ್ಬಿಸುತ್ತಾರೆ. ಆಗ ಮಣ್ಣು ಕದಡಿ, ಒಳಗೆ ಹುದುಗಿದ್ದ ಬೀಜಗಳೆಲ್ಲ ಮೇಲೆ ಬಂದು ಮೊಳೆಯುತ್ತವೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಢಿಗೆ ತಂದ ಕ್ರಮವನ್ನೇ ನಾವು ಕಲಿಸುತ್ತೇವೆ. ಇದಕ್ಕೆ ಮೂವರು ಬೇಕು. ಮೊದಲನೆಯವರು ಉದ್ದನೆಯ ಕವೆಗೋಲಿನಿಂದ ಪೊದೆಯನ್ನು ಒಂದು ಮಗ್ಗುಲಿಗೆ ಒತ್ತಿ ಹಿಡಿದು ಬುಡ ಕಾಣುವಂತೆ ಮಾಡುತ್ತಾರೆ. ಎರಡನೆಯವರು ಬುಡದ ಮಣ್ಣನ್ನು ಕೈಯಿಂದ ಸರಿಸಿ, ಕಾಂಡವೂ ಬೇರೂ ಸೇರುವ ದಪ್ಪ ಗಂಟಿನ ಕೆಳಗೆ, ನೆಲಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಆಳದಲ್ಲಿ, ಅಂಚು ಮಸೆದ ಸಣ್ಣ ಗುದ್ದಲಿಯಿಂದ ತಾಯಿಬೇರನ್ನು ಒಂದೆರಡು ಏಟಿಗೆ ಕತ್ತರಿಸುತ್ತಾರೆ. ಮೂರನೆಯವರು ಪೊದೆಯನ್ನು ಎತ್ತಿ ತಲೆಕೆಳಗು ಮಾಡಿ, ಬುಡ ಆಕಾಶ ನೋಡುವಂತೆ ಇಡುತ್ತಾರೆ. ಬುಡ ಮಣ್ಣಿಗೆ ತಾಗದಿದ್ದರೆ ಅದು ಮತ್ತೆ ಬೇರು ಬಿಡುವುದಿಲ್ಲ. ಚಿಗುರುವ ಶಕ್ತಿ ಇರುವುದು ಆ ಗಂಟಿನಲ್ಲಿ. ಅದು ಹೊರಗೆ ಬಂತೇ ಎಂದು ಬೆರಳಿಟ್ಟು ನೋಡುವುದನ್ನು ಪ್ರತಿಯೊಬ್ಬರಿಗೂ ಕೈ ಹಿಡಿದು ತೋರಿಸಬೇಕು. ಬಾಯಲ್ಲಿ ಹೇಳಿದರೆ ಅರ್ಧ ಜನ ಗಂಟಿನ ಮೇಲೆಯೇ ಕತ್ತರಿಸುತ್ತಾರೆ. ಕಪ್ಪು ಹಣ್ಣು ಇದ್ದರೆ ಮೊದಲು ಆ ರೆಂಬೆಗಳನ್ನು ಗೋಣಿಚೀಲಕ್ಕೆ ತುಂಬಿ, ಆಮೇಲೆ ಬುಡಕ್ಕೆ ಕೈ ಹಾಕಿ.

ಮುಂದಿನ ಎರಡು ಮಳೆಗಾಲ ಲಂಟಾನದ ಸಸಿ ಹುಟ್ಟುವುದು ಎಲ್ಲೆಂದರಲ್ಲಲ್ಲ, ಹಕ್ಕಿಗಳು ಕೂರುವ ಮರಗಳ ಕೆಳಗೆ. ಹದಿನೈದು ದಿನಕ್ಕೊಮ್ಮೆ ಅಲ್ಲಿ ನಡೆದು ಬೆರಳಲ್ಲಿ ಕಿತ್ತರೆ ಸಾಕು. ಬಗ್ಗಲಾಗದ ಹಿರಿಯರಿಗೆ ಕಾಣುವ ಕಣ್ಣು ಹೆಚ್ಚು. ಅವರು ಕೋಲು ತೋರಿಸುತ್ತಾರೆ, ಹುಡುಗರು ಕೀಳುತ್ತಾರೆ.

ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ, ಕೀಳುವುದು ಮಳೆ ಬಿದ್ದ ಮರುದಿನ, ಹೂ ಬಿಡುವ ಮೊದಲು. ಉದ್ದ ತೋಳಿನ ಅಂಗಿ, ರಬ್ಬರಿನ ಕೈಗವಸು ಇಲ್ಲದವರಿಗೆ ಆ ದಿನ ಬೇರೆ ಕೆಲಸ, ಉಬ್ಬಸ ಇರುವವರಿಗಂತೂ ಕಡ್ಡಾಯವಾಗಿ ಬೇರೆ ಕೆಲಸ. ಎಲೆಗಳ ಮೇಲೆ ಮಾಸಲು ಬಿಳಿ ಮೈಗೆ ಕಂದು ಗೀರುಗಳಿರುವ ಸಣ್ಣ ದುಂಬಿ ಕಂಡರೆ ಆ ಗಿಡಗಳನ್ನು ಬಿಟ್ಟುಬಿಡಿ. ಈ ಕಳೆಯನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಅದು.

ಕೀಳಬೇಕಾದ್ದಕ್ಕೆ ಗುರುತು ಹಾಕುವ ಬದಲು ಉಳಿಸಬೇಕಾದ್ದಕ್ಕೆ ಹಾಕುವುದು ಒಳ್ಳೆಯದು. ಏರಿಯ ಇಳಿಜಾರಿನಲ್ಲಿ ಮಣ್ಣು ಹಿಡಿಯಲೆಂದು ನೆಟ್ಟ ಲಾವಂಚ ಹೊಸಬರ ಕಣ್ಣಿಗೆ ಬರೀ ಹುಲ್ಲು. ಕುಡುಗೋಲು ಸಿಕ್ಕರೆ ಸವರಿಬಿಡುತ್ತಾರೆ. ಶನಿವಾರ ಸಂಜೆಯೇ ಅಂಥವಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟುತ್ತೇವೆ. ಹೊಸಬರು ಮೊದಲ ಮೂರು ಭಾನುವಾರ ಹಳಬರ ಜೊತೆಗೇ ಇದ್ದು, ವಾರಕ್ಕೊಂದೇ ಗಿಡ ಕಲಿಯಬೇಕು.

ನೀರಿಗೆ ಯಾರೂ ಇಳಿಯುವಂತಿಲ್ಲ. ಅಂತರಗಂಗೆ ನೀರಿನ ನಡುವೆ ಹಬ್ಬಿದ್ದರೆ ಅದು ದೋಣಿಯೂ ಕೂಲಿಯೂ ಬೇಕಾದ ಕೆಲಸ. ದಡಕ್ಕೆ ತೇಲಿ ಬಂದದ್ದನ್ನು ಉದ್ದ ಹಿಡಿಯ ಕುಂಟೆಯಿಂದ ಎಳೆದು, ನೀರಂಚಿನಿಂದ ಕನಿಷ್ಠ 10 ಅಡಿ ದೂರ ಹರಡಿ ಮೂರು ದಿನ ಬಿಡಿ. ಹಸಿ ಗಿಡದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಒಣಗಿದರೆ ಎರಡು ಟ್ರಾಕ್ಟರ್ ಬೇಕಾದಲ್ಲಿ ಆಟೋ ಸಾಕಾಗುತ್ತದೆ. ಅಂಚಿನಲ್ಲೇ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಜಾರಿ ಮತ್ತೆ ನೀರು ಸೇರುತ್ತದೆ. ಜೊಂಡನ್ನು ಪೂರ್ತಿ ಕೊಯ್ಯುವುದಿಲ್ಲ, ವರ್ಷಕ್ಕೆ ಮೂರನೇ ಒಂದು ಪಾಲು ಮಾತ್ರ. ಮಳೆಗಾಲದಲ್ಲಿ ಅದನ್ನೂ ನಿಲ್ಲಿಸುತ್ತೇವೆ, ಜಂಬುಕೋಳಿ, ಗುಳುಮುಳುಕ ಗೂಡು ಕಟ್ಟುವುದು ಆಗಲೇ. ರಾಜಕಾಲುವೆ ಕೆರೆಗೆ ಸೇರುವ ಬಾಯಿಗೂ ಸ್ವಯಂಸೇವಕರನ್ನು ಕಳಿಸಬೇಡಿ. ಆ ಕಸದಲ್ಲಿ ಸೂಜಿ, ಒಡೆದ ಗಾಜು ಇರುತ್ತದೆ. ಸರಿಯಾದ ಸಲಕರಣೆ ಇರುವ, ಸಂಬಳ ಪಡೆಯುವ ಕೆಲಸಗಾರರ ಕೆಲಸ ಅದು. ಪುಕ್ಕಟೆ ಜನ ಸಿಕ್ಕರೆಂದು ಅವರ ಕೂಲಿ ತಪ್ಪಿಸುವುದು ಅನ್ಯಾಯ.

ಕಾಲಲ್ಲಿ ಗಾಯ ಇದ್ದವರು ಕೆಸರಿನ ಹತ್ತಿರ ಹೋಗಬಾರದು, ಇಲಿ ಜ್ವರ ಅಂಟುವುದು ಹಾಗೆಯೇ. ಕೆಲಸ ಮಾಡಿ ಎರಡು ಮೂರು ವಾರದೊಳಗೆ ಜ್ವರ ಬಂದರೆ ಕೆರೆಯಲ್ಲಿದ್ದೆ ಎಂದು ವೈದ್ಯರಿಗೆ ಹೇಳಲೇಬೇಕು. ಕೊಳಕುಮಂಡಲ ಒಣ ಎಲೆಯಲ್ಲಿ ಎಲೆಯಂತೆಯೇ ಕಾಣುತ್ತದೆ. ಆದ್ದರಿಂದ ಕೈ ಹಾಕುವ ಮೊದಲು ಕೋಲು. ಹಾವಿನ ವಿಷಕ್ಕೆ ಔಷಧ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ, ಔಜಾರಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೇವೆ.

ಕಂಪನಿಗಳಿಂದ ನೂರಾರು ಜನ ಸಸಿ ನೆಡುತ್ತೇವೆ ಎಂದು ಬಂದಾಗ ನಾವು ಮೊದಲು ಕೇಳುವುದು ಬೇಸಿಗೆಯ ನೀರು. ಒಂದು ಸಸಿಗೆ ಡಿಸೆಂಬರಿನಿಂದ ಮೇ ತನಕ ವಾರಕ್ಕೆ 10 ಲೀಟರ್. 40 ಸಸಿಗೆ 400 ಲೀಟರ್, ಅಂದರೆ 20 ಲೀಟರಿನ ಕ್ಯಾನು ಇಪ್ಪತ್ತು ಸಲ ಹೊರಬೇಕು. ಎರಡು ಬೇಸಿಗೆಯ ನೀರಿನ ಹೊಣೆ ಹೊರುವಷ್ಟೇ ಸಸಿ, ಅದಕ್ಕಿಂತ ಒಂದೂ ಹೆಚ್ಚು ಬೇಡ. ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಸಸಿ ನಾಲ್ಕೈದು ಅಡಿಯದು. ಜೂನ್, ಜುಲೈನಲ್ಲಿ ನೆಟ್ಟು ಮುಗಿಸಬೇಕು. ಊರೆಗೋಲಿಗೆ ಸೆಣಬಿನ ಹುರಿಯನ್ನು 8ರ ಆಕಾರದಲ್ಲಿ ಕಟ್ಟಿ. ನೈಲಾನ್ ಆದರೆ ಕಾಂಡ ದಪ್ಪವಾದಂತೆ ತೊಗಟೆ ಕೊಯ್ಯುತ್ತದೆ. ಹೊಳೆಮತ್ತಿ, ನೇರಳೆ, ಅತ್ತಿ ಚೆನ್ನಾಗಿ ಬರುತ್ತವೆ, ಆದರೆ ಮಣ್ಣಿನ ಏರಿಯ ಮೇಲೆ ದೊಡ್ಡ ಮರದ ಸಸಿ ನೆಡಲೇಬೇಡಿ. ಬೇರು ಸತ್ತು ಕೊಳೆತ ಜಾಗದಲ್ಲಿ ನೀರು ದಾರಿ ಮಾಡಿಕೊಂಡು ಏರಿಯನ್ನೇ ಒಡೆಯಬಹುದು. ಅಲ್ಲಿಗೆ ಗರಿಕೆ, ಲಾವಂಚ ಸಾಕು.

ಬಂದವರು ನಿಂತುಹೋಗುವುದಕ್ಕೆ ಸೋಮಾರಿತನ ಕಾರಣ ಅಲ್ಲವೇ ಅಲ್ಲ. ಬಂದು ಅರ್ಧ ಗಂಟೆ ಏನು ಮಾಡಬೇಕೆಂದು ತಿಳಿಯದೆ ನಿಂತಿರುತ್ತಾರೆ, ಇಲ್ಲವೇ ಮಾಡಿದ್ದು ಏನಾಯಿತೆಂದು ಯಾರೂ ಹೇಳಿರುವುದಿಲ್ಲ. ಎರಡು ವಾರ ಕಾಣದಿದ್ದರೆ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಿ ಕೇಳುವುದಿಲ್ಲ; ಫೋನ್ ಮಾಡಿ ಹುಷಾರಾಗಿದ್ದೀರಾ ಎಂದು ವಿಚಾರಿಸುತ್ತೇವೆ. ಮಂಡಿನೋವು ಎಂದರೆ ಬೀಜ ಸಂಗ್ರಹಕ್ಕೆ ಬದಲಾಯಿಸುತ್ತೇವೆ.

ಏಳಕ್ಕೆ ಶುರು, ಒಂಬತ್ತೂಕಾಲಿಗೆ ಕೆಲಸ ನಿಲ್ಲಬೇಕು. ಉಳಿದ ಹದಿನೈದು ನಿಮಿಷ ಎಣಿಕೆಗೆ. ಔಜಾರುಗಳ ಹಿಡಿಗೆ ಕಿತ್ತಳೆ ಬಣ್ಣ ಬಳಿದಿದ್ದೇವೆ, ಹುಲ್ಲಿನಲ್ಲಿ ಬಿದ್ದರೂ ಕಾಣಲೆಂದು. ಕುಡುಗೋಲು 8, ಗುದ್ದಲಿ 5, ಹಾರೆ 1, ಬಾಂಡ್ಲಿ 6: ಬೆಳಿಗ್ಗೆ ಬರೆದ ಲೆಕ್ಕಕ್ಕೆ ಸರಿಹೊಂದುವ ತನಕ ಚಹಾ ಇಲ್ಲ. ಆಮೇಲೆ ಎಲ್ಲರೂ ಎರಡು ತುಂಡುಗಳಿಗೆ ನಡೆದು ಹೋಗುತ್ತೇವೆ; ಅಲ್ಲಿ ದುಡಿದವರೇ ವಿವರಿಸುತ್ತಾರೆ, ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಗುರುವಾರ ಸಂಜೆಯ ಸಂದೇಶ ಹುಟ್ಟುವುದು ಆ ಪುಸ್ತಕದಿಂದ: “ತುಂಡು 7, ಲಂಟಾನ ಹನ್ನೊಂದು ಪೊದೆ ಮುಗಿದಿದೆ, ನಾಲ್ಕು ಬಾಕಿ. ಭಾನುವಾರ ಮಸೆದ ಗುದ್ದಲಿ ಎರಡು ಬೇಕು. ಬೇಲಿ ಪಕ್ಕದ ಹೊಂಗೆ ಸಸಿಯ ಹುರಿ ಬಿಗಿಯಾಗಿದೆ, ಸಡಿಲಿಸಬೇಕು.”