ಫ್ಲಾರೆನ್ಸಿನ ಬೆಳ್ಳಿಮನೆಯಲ್ಲಿ ಉಳಿ ಮಾಡಲು ಕಲಿತದ್ದು

ದೇವರ ಕವಚ, ಪ್ರಭಾವಳಿ ಮಾಡುವ ಮನೆ ನಮ್ಮದು. ಬೆಳ್ಳಿ ತಗಡನ್ನು ಅರಗಿನ ಮೇಲೆ ಕೂರಿಸಿ ಉಬ್ಬಿಸುವುದು ಚಿಕ್ಕಂದಿನಿಂದಲೇ ಕೈಗೆ ಬಂದಿತ್ತು. ಹಾಗಾಗಿ ಇಟಲಿಯ ಫ್ಲಾರೆನ್ಸಿನ ಒಂದು ಕುಟುಂಬದ ಕಾರ್ಯಾಗಾರಕ್ಕೆ ಕಲಿಯಲು ಹೋದಾಗ, ಬಂದವನ ಕೈಗೆ ತಗಡು ಕೊಡುತ್ತಾರೆ ಅಂದುಕೊಂಡಿದ್ದೆ. ಕೊಟ್ಟಿದ್ದು ಉಕ್ಕಿನ ಸರಳಿನ ಕಟ್ಟು ಮತ್ತು ಒಂದು ಅರ: ಮೊದಲು ನಿನ್ನ ಉಳಿಗಳನ್ನು ನೀನೇ ಮಾಡಿಕೋ ಎಂದು.

ಪ್ರವಾಸಿಗರು ಮುತ್ತಿಕೊಳ್ಳುವುದು ಪೊಂತೆ ವೆಕ್ಕಿಯೊ ಸೇತುವೆಯ ಅಂಗಡಿಗಳನ್ನು. 1593ರಲ್ಲಿ ಫ್ಲಾರೆನ್ಸನ್ನು ಆಳುತ್ತಿದ್ದ ಒಂದನೇ ಫರ್ಡಿನಾಂಡೊ ಕಟುಕರನ್ನು ಎಬ್ಬಿಸಿ ಅಕ್ಕಸಾಲಿಗರಿಗೆ ಕೊಟ್ಟ ಜಾಗ ಅದು. ಸುತ್ತಿಗೆಯ ಸದ್ದು ಬೇಕಿದ್ದವರು ಆರ್ನೊ ನದಿ ದಾಟಿ ಓಲ್ತ್ರಾರ್ನೊದ ಗಲ್ಲಿಗಳಿಗೆ ಬರಬೇಕು. ನಾನಿದ್ದ ಮನೆಯೂ ಅಲ್ಲೇ.

ಈ ಉಳಿ ಕೊರೆಯುವುದಲ್ಲ, ಬೆಳ್ಳಿಯನ್ನು ಒತ್ತಿ ಸರಿಸುವುದು. ಸರಳಿನ ನಡುವನ್ನು ದಪ್ಪ ಬಿಟ್ಟು ಎರಡೂ ತುದಿಗಳನ್ನು ಅರದಿಂದ ಇಳಿಸಬೇಕು. ನಡು ತೆಳುವಾದರೆ ಪ್ರತಿ ಪೆಟ್ಟಿಗೂ ಬೆರಳೊಳಗೆ ನಡುಗುತ್ತದೆ. ಮುಖದ ಅಂಚು ಚೂಪಾಗಿ ಉಳಿದರೆ ತಗಡು ಸೀಳುತ್ತದೆ, ಅದಕ್ಕೆ ಎಣ್ಣೆಕಲ್ಲಿನಲ್ಲಿ ಉಜ್ಜಿ ಅಂಚು ಸಾಯಿಸುತ್ತಾರೆ. ಮುಖವನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಸಿಡಿಯುವ ಗಟ್ಟಿ. ಆಮೇಲೆ ಮುಖಕ್ಕೆ ಹೊಳಪು ಕೊಟ್ಟು ನಡುವಿಗೆ ಮೆಲ್ಲಗೆ ಉರಿ ತೋರಿಸಬೇಕು. ಕಾವಿಗೆ ಉಕ್ಕಿನ ಮೇಲೆ ಮೂಡುವ ಬಣ್ಣ ತುದಿಯ ಕಡೆಗೆ ಓಡುತ್ತಾ ಬರುತ್ತದೆ. ಮುಖಕ್ಕೆ ಒಣಹುಲ್ಲಿನ ಹಳದಿ ತಲುಪಿದೊಡನೆ ನೀರಿಗೆ. ನೀಲಿ ಬಂತೋ, ಉಳಿ ಮೆತ್ತಗಾಯಿತು, ಕೆಲಸ ಮೊದಲಿಂದ. ಸುತ್ತಿಗೆ ಬೀಳುವ ತಲೆಯನ್ನು ಮಾತ್ರ ಗಟ್ಟಿ ಮಾಡುವಂತಿಲ್ಲ, ಚೂರು ಹಾರಿ ಕಣ್ಣಿಗೆ ಬೀಳುತ್ತದೆ.

ಇಷ್ಟೆಲ್ಲ ಯಾಕೆ ಎಂಬುದು ಅವರ ಮರದ ಡ್ರಾಯರುಗಳನ್ನು ನೋಡಿದಾಗ ತಿಳಿಯಿತು. ಅಜ್ಜನ ಉಳಿ, ಮುತ್ತಜ್ಜನ ಉಳಿ, ಎಲೆಯ ನರಕ್ಕೆ ಒಂದು, ದ್ರಾಕ್ಷಿಗೆ ಒಂದು, ಹಿನ್ನೆಲೆಯ ಮಂಕು ನೆಲಕ್ಕೆ ಹತ್ತಾರು. 1966ರ ನವೆಂಬರ್ 4ರಂದು ಆರ್ನೊ ಉಕ್ಕಿ ಬಂದಾಗ ಅಚ್ಚು, ನಕ್ಷೆಗಳನ್ನು ಬಿಟ್ಟು ಅಜ್ಜ ಮೊದಲು ಕೆಸರಲ್ಲಿ ಹುಡುಕಿದ್ದು ಇವನ್ನೇ ಎಂದು ಮನೆಯವರು ಹೇಳುತ್ತಿದ್ದರು. ನನಗೂ ಸರಿ ಅನ್ನಿಸಿತು. ನಕ್ಷೆಯನ್ನು ಯಾರು ಬೇಕಾದರೂ ನಕಲು ಮಾಡಬಹುದು. ಆದರೆ ಹಳೆಯ ಗಿರಾಕಿಯೊಬ್ಬರು ಜೋಡಿ ಕಳೆದ ಬಟ್ಟಲು ತಂದು ಇನ್ನೊಂದು ಮಾಡಿಕೊಡಿ ಅಂದರೆ, ಅದೇ ನೆಲ ಬರಬೇಕಾದರೆ ಅದೇ ಉಳಿ ಬೇಕು.

ತಗಡು ಕೈಗೆ ಬಂದ ಮೇಲೆ ನನಗೆ ಹೊಸದು ಕಡಿಮೆ. ಬೆನ್ನಿನಿಂದ ಉಬ್ಬಿಸು, ಗಡುಸಾದಾಗ ಕಾಯಿಸು, ಆ್ಯಸಿಡ್‌ನಲ್ಲಿ ತೊಳೆ, ಮಗುಚಿ ಮುಂದಿನಿಂದ ತಿದ್ದು. ಕಾಯಿಸುವಾಗ ಅವರು ದೀಪ ಆರಿಸುತ್ತಾರೆ, ಬೆಳ್ಳಿಯ ಮಂದ ಕೆಂಪು ಕತ್ತಲಲ್ಲೇ ಕಾಣುವುದು. ಕೆಲಸ ಮುಗಿದರೆ ಸಾವಿರಕ್ಕೆ 925 ಪಾಲು ಬೆಳ್ಳಿ ಎಂಬ ಮುದ್ರೆ, ಪಕ್ಕದಲ್ಲಿ ನಕ್ಷತ್ರ, ಆ ಕಾರ್ಯಾಗಾರಕ್ಕೆ ಕೊಟ್ಟ ಸಂಖ್ಯೆ, ಫ್ಲಾರೆನ್ಸಿನ ಎರಡಕ್ಷರ FI. ಒಂದು ಮಾತು ಹೇಳಲೇಬೇಕು: ಅವರ ಹೂಬಳ್ಳಿಗಿಂತ ನಮ್ಮ ದೇವರ ಮುಖ ಕಷ್ಟ. ಎಲೆ ಒಂದು ಕೂದಲೆಳೆ ಓರೆಯಾದರೂ ಎಲೆಯೇ.

ಊರಿಗೆ ಬಂದ ಮೇಲೆ ಅಂಗಡಿಯ ಉಳಿ ಕೊಳ್ಳುವುದನ್ನು ಬಿಟ್ಟಿದ್ದೇನೆ. ಅರಗು ಮಾತ್ರ ಅಪ್ಪನ ಪಾಕದ್ದೇ, ರಾಳ, ಇಟ್ಟಿಗೆ ಪುಡಿ, ಎಣ್ಣೆ. ಅಲ್ಲಿ ಎಣ್ಣೆಯ ಬದಲು ಕೊಬ್ಬು ಹಾಕುತ್ತಾರೆ, ಚಳಿಗಾಲಕ್ಕೆ ಇನ್ನಷ್ಟು. ಕರಾವಳಿಯ ಏಪ್ರಿಲ್ ಸೆಕೆಗೆ ಆ ಪಾಕ ಕೂರುವುದಿಲ್ಲ, ಇಟ್ಟಿಗೆ ಪುಡಿಯನ್ನೇ ಹೆಚ್ಚಿಸಬೇಕು.