ಅಜ್ಜಿಯ ಬದುಕನ್ನು ಬರೆದಿಟ್ಟ ಬಗೆ: ನನ್ನ ಅನುಭವ

ಹುಟ್ಟಿದ ಇಸವಿಯಿಂದ ಶುರುಮಾಡಿ ಸಾಲಾಗಿ ಕೇಳುತ್ತ ಹೋದರೆ ಹತ್ತು ನಿಮಿಷಕ್ಕೆ ಮಾತು ನಿಲ್ಲುತ್ತದೆ. ‘ಅದು ಯಾವ ಇಸವಿ?’ ಎಂದಾಗಲೆಲ್ಲ ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕುತ್ತಾರೆ, ಅಷ್ಟರಲ್ಲಿ ಹೇಳಬೇಕೆಂದಿದ್ದದ್ದು ಜಾರಿಹೋಗಿರುತ್ತದೆ. ಮೊದಲ ಎರಡು ದಿನ ಹೀಗೇ ಹಾಳಾದವು. ಮೂರನೇ ದಿನದಿಂದ ಇಸವಿ ಬಿಟ್ಟು ಮನೆ ಹಿಡಿದೆ.

ಒಂದು ಮನೆಗೆ ಒಂದು ಎ4 ಹಾಳೆ. ಬಾಗಿಲು ಎತ್ತ, ನೀರು ಎಲ್ಲಿಂದ, ಯಾರು ಎಲ್ಲಿ ಮಲಗುತ್ತಿದ್ದರು ಎಂದು ಕೇಳುತ್ತ ನಕ್ಷೆ ಬರೆಯುವುದು. ನಕ್ಷೆ ಚೆನ್ನಾಗಿರಬೇಕಿಲ್ಲ, ತಪ್ಪಿದ್ದರೆ ಇನ್ನೂ ಒಳ್ಳೆಯದು. ಕಿಟಕಿ ತಪ್ಪು ಗೋಡೆಗೆ ಹೋದ ಕೂಡಲೇ ‘ಅಲ್ಲ ಕಣೋ, ಕೊಡಿಲ್ಲಿ’ ಎಂದು ಪೆನ್ಸಿಲ್ ಕಿತ್ತುಕೊಂಡು ಅಜ್ಜಿಯೇ ಗೀಚತೊಡಗುತ್ತಾರೆ. ಆ ಕಿಟಕಿಯ ಬಳಿ ಯಾರು ಕೂರುತ್ತಿದ್ದರು ಎಂಬುದು ನಾವು ಕೇಳದೆಯೇ ಬರುತ್ತದೆ. ಊರೂರು ಸುತ್ತಿದ ಬದುಕು, ಹನ್ನೊಂದು ಹಾಳೆಗಳಾದವು. ಅವನ್ನು ಜೋಡಿಸಿದಾಗ ಕಾಲಾನುಕ್ರಮ ತಾನಾಗಿ ಸಿಕ್ಕಿತು.

ಎಲ್ಲಿಂದ ತೊಡಗಬೇಕೆಂಬ ಪ್ರಶ್ನೆಗೆ ನನ್ನ ಉತ್ತರ: ಹತ್ತರಿಂದ ಮೂವತ್ತರ ವಯಸ್ಸು. ವಯಸ್ಸಾದವರಿಗೆ ಈ ಅವಧಿಯ ನೆನಪುಗಳೇ ಹೆಚ್ಚು ದಟ್ಟವಾಗಿರುತ್ತವೆ ಎಂದು ಮನಶ್ಶಾಸ್ತ್ರಜ್ಞರೂ ಗುರುತಿಸಿದ್ದಾರೆ. ನಡುವಯಸ್ಸಿನ ದಿನಗಳು ಒಂದರೊಳಗೊಂದು ಬೆರೆತಿರುತ್ತವೆ. ಅವಕ್ಕೆ ಫೋಟೊ, ಕಾಗದಗಳ ಆಸರೆ ಬೇಕು.

ರೆಕಾರ್ಡ್ ಮಾಡಲು ಮೊಬೈಲ್ ಸಾಕು, ಇಡುವ ಜಾಗ ಮುಖ್ಯ. ಬಾಯಿಯಿಂದ ಸುಮಾರು 30 ಸೆಂಟಿಮೀಟರ್ ದೂರ, ನಾಲ್ಕು ಮಡಿಕೆ ಮಾಡಿದ ಟವೆಲ್ ಮೇಲೆ. ಬರಿ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದು, ಬಳೆ ತಾಗಿದ ಸದ್ದು ಎಲ್ಲ ಗುಡುಗಿನಂತೆ ಕೇಳುತ್ತವೆ. ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ, ಫ್ಯಾನ್ ಆರಲಿ, ಫ್ರಿಜ್ ಇರುವ ಕೋಣೆ ಬೇಡ. ರೆಕಾರ್ಡರ್‌ನಲ್ಲಿ ಹಿನ್ನೆಲೆಯ ಗದ್ದಲ ತಗ್ಗಿಸುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿಬಿಡಿ. ಮುಪ್ಪಿನ ಮೆಲುದನಿಯನ್ನೂ ಅದು ಗದ್ದಲವೆಂದೇ ತಿಳಿದು ವಾಕ್ಯದ ಕೊನೆಯನ್ನು ನುಂಗುತ್ತದೆ. ನಾನು ಬಳಸಿದ್ದು ದನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲ್, 48 ಕಿಲೊಹರ್ಟ್ಸ್, 24 ಬಿಟ್, ಮೋನೊ. ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಹಂಚಲು ಚಿಕ್ಕ ಗಾತ್ರದ ಎಂಪಿ3 ಪ್ರತಿ ಬೇರೆ ಮಾಡಿಕೊಂಡರಾಯಿತು. ಪ್ರತಿ ಫೈಲಿನ ಆರಂಭದಲ್ಲಿ ತಾರೀಖು, ಯಾರ್‍ಯಾರಿದ್ದೇವೆ ಎಂಬುದನ್ನು ಬಾಯಲ್ಲೇ ಹೇಳಿಬಿಡಿ. ಫೈಲಿನ ಹೆಸರು ಯಾರಾದರೂ ಬದಲಿಸಬಹುದು, ಒಳಗಿನ ದನಿ ಹಾಗೇ ಉಳಿಯುತ್ತದೆ.

ನಲವತ್ತೈದು ನಿಮಿಷ ದಾಟಿದರೆ ಅವರಿಗೆ ಆಯಾಸ. ಕಿವಿ ಚುರುಕಾಗಿರುವ ಪಕ್ಕದಲ್ಲಿ, ನಮ್ಮ ಮುಖಕ್ಕೆ ಬೆಳಕು ಬೀಳುವಂತೆ ಕೂರಬೇಕು. ‘ಹೂಂ ಹೂಂ’ ಅನ್ನದೆ ತಲೆಯಾಡಿಸಬೇಕು. ಅವರು ಸುಮ್ಮನಾದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ನನ್ನ ರೆಕಾರ್ಡಿಂಗ್‌ಗಳಲ್ಲಿ ಒಳ್ಳೆಯ ಮಾತುಗಳೆಲ್ಲ ಅಂಥ ಮೌನದ ಆಚೆಗೇ ಇವೆ. ಅವರ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಬಾರದು. ‘ಅಮ್ಮಾ, ಅದು ಹಾಗಲ್ಲ’ ಎಂದು ಒಬ್ಬರು ಒಮ್ಮೆ ಅಂದರೂ ಸಾಕು, ಆ ದಿನ ಅಜ್ಜಿ ಮುಂದೆ ಹೇಳುವುದೆಲ್ಲ ಒಪ್ಪಿಗೆ ಕೇಳುವ ಧಾಟಿಗೆ ಇಳಿಯುತ್ತದೆ. ಮಕ್ಕಳ ಆವೃತ್ತಿಯೂ ಬೇಕು ನಿಜ, ಅದನ್ನು ಬೇರೆ ದಿನ, ಬೇರೆ ಫೈಲಿನಲ್ಲಿ ಮಾಡಿಕೊಳ್ಳಿ.

ದೂರ ಪ್ರಯಾಣದ ಸಾಹಸದ ಕಥೆಗಳೇ ಕಷ್ಟ. ಐವತ್ತು ಸಲ ಹೇಳಿ ನುಣುಪಾದ ಕಥೆ ಅದೇ ಶಬ್ದಗಳಲ್ಲಿ ಬರುತ್ತದೆ, ನಗು ಕೂಡ ಅದೇ ಜಾಗದಲ್ಲಿ. ‘ಭಯವಾಗಲಿಲ್ಲವಾ?’ ಎಂದು ಕೇಳಿದರೆ ‘ಏನೂ ಇಲ್ಲ’ ಎಂಬ ಸಿದ್ಧ ಉತ್ತರ. ಕಥೆಯ ಹಿಂದುಮುಂದನ್ನು ಕೇಳಬೇಕು: ಟಿಕೆಟ್ಟಿಗೆ ದುಡ್ಡು ಯಾರು ಹೊಂದಿಸಿದರು? ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಏನಿತ್ತು? ಇಳಿದ ಮಾರನೇ ಬೆಳಿಗ್ಗೆ ಮೊದಲು ಮಾಡಿದ ಕೆಲಸ ಏನು? ಟ್ರಂಕಿನ ಪ್ರಶ್ನೆಗೆ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ‘ಮೇಲೆ ಏನೂ ಇಡಲಿಲ್ಲ, ಮುಚ್ಚಳ ಹಾಕೋಕೆ ಅವ್ವ ಅದರ ಮೇಲೆ ಕೂತಿದ್ದಳು’ ಎಂದರು. ಐವತ್ತು ಸಲ ಕೇಳಿದ ಕಥೆಯಲ್ಲಿ ಅವರ ಅವ್ವ ಇರಲೇ ಇಲ್ಲ.

ಇನ್ನು ಇಸವಿಗಳು. ನೆನಪನ್ನೇ ಪೂರಾ ನಂಬುವಂತಿಲ್ಲ, ಹಾಗೆಂದು ತಿದ್ದುವುದೂ ತರವಲ್ಲ. ನಾನೊಂದು ಪಟ್ಟಿ ಮಾಡಿದೆ: ವರ್ಷ, ವಯಸ್ಸು, ಊರು ಮತ್ತು ಮನೆ, ಸಂಗತಿ, ಕೊನೆಯಲ್ಲಿ ‘ಹೇಗೆ ಗೊತ್ತು’. ಈ ಕೊನೆಯ ಕಾಲಂ ಇಲ್ಲದಿದ್ದರೆ ಮೂರು ತಿಂಗಳ ಮೇಲೆ ಯಾವುದು ಅಜ್ಜಿಯ ಮಾತು, ಯಾವುದು ಕಾಗದದಲ್ಲಿದ್ದದ್ದು, ಯಾವುದು ನನ್ನದೇ ಊಹೆ ಎಂದು ಹೇಳಲಾಗುವುದಿಲ್ಲ.

ಒಂದು ಉದಾಹರಣೆ. ಏಷ್ಯಾದಿಂದ ಯುರೋಪಿಗೆ ಹಡಗಿನಲ್ಲಿ ಹೋದದ್ದು 1965ರಲ್ಲಿ ಎಂದು ಅಜ್ಜಿ ಹೇಳಿದರು. ದಾರಿಯಲ್ಲಿ ಡೆಕ್ ಮೇಲಿಂದ ನೋಡಿದ, ನೆತ್ತಿ ಸಪಾಟಾಗಿದ್ದ ಬೆಟ್ಟವನ್ನೂ ವರ್ಣಿಸಿದರು. ಅದು ಕೇಪ್‌ಟೌನಿನ ಟೇಬಲ್ ಮೌಂಟನ್. ಸೂಯೆಜ್ ಕಾಲುವೆ ತೆರೆದಿದ್ದರೆ ಆ ಹಡಗು ಆಫ್ರಿಕಾದ ತುದಿಯನ್ನು ಬಳಸುವ ಅಗತ್ಯವಿರಲಿಲ್ಲ, ಅಲ್ಲಿನ ಬಂದರಿನಲ್ಲೇ ಅದಕ್ಕೆ ಕೆಲಸವಿದ್ದ ಹೊರತು. ಕಾಲುವೆ 1967ರ ಜೂನ್‌ನಿಂದ 1975ರ ಜೂನ್‌ವರೆಗೆ ಮುಚ್ಚಿತ್ತು. ಹಳೆಯ ಪಾಸ್‌ಪೋರ್ಟ್ ಸಿಕ್ಕಾಗ ಮುದ್ರೆಯಲ್ಲಿದ್ದದ್ದು 1968. ಇಸವಿ ತಪ್ಪು, ಬೆಟ್ಟ ಸರಿ. ಪಟ್ಟಿಯಲ್ಲಿ ಎರಡು ಇಸವಿಗಳನ್ನೂ ಇಟ್ಟೆ. ವಿಮಾನಗಳದ್ದೂ ಹೀಗೇ. ಒಳಗೆ ಸುರುಳಿ ಮೆಟ್ಟಿಲಿದ್ದ, ಎರಡು ಸಾಲು ಓಡಾಡುವ ದಾರಿಯಿದ್ದ ದೊಡ್ಡ ವಿಮಾನವೆಂದರೆ ಅದು ಬೋಯಿಂಗ್ 747. ಪ್ರಯಾಣಿಕರನ್ನು ಹೊತ್ತು ಹಾರತೊಡಗಿದ್ದೇ 1970ರ ಜನವರಿಯಲ್ಲಿ, ಅದಕ್ಕೆ ಹಿಂದಿನ ಪ್ರಯಾಣವಾಗಿರಲು ಸಾಧ್ಯವಿಲ್ಲ.

ಫೋಟೊಗಳನ್ನು ಮಾತಿಗೆ ಕೂರುವ ಮೊದಲೇ ಸ್ಕ್ಯಾನ್ ಮಾಡಿ, ನಂಬರ್ ಕೊಟ್ಟು, ಟ್ಯಾಬ್‌ನಲ್ಲಿ ಹಿಗ್ಗಿಸಿ ತೋರಿಸಿದರೆ ಹಿಂದಿನ ಸಾಲಿನ ಮುಖಗಳೂ ಗುರುತು ಸಿಗುತ್ತವೆ. ಅಂಗೈಯಗಲದ ಪ್ರಿಂಟಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ), ಬೆಂಕಿಪೊಟ್ಟಣದಷ್ಟು ಚಿಕ್ಕದಕ್ಕೆ 1200, ಚಿತ್ರದ ಗುಣ ಕೆಡದಂತೆ ಇಡುವ ಟಿಫ್ ರೂಪದಲ್ಲಿ. ಬೆನ್ನನ್ನೂ ಸ್ಕ್ಯಾನ್ ಮಾಡಲೇಬೇಕು, ಸ್ಟುಡಿಯೊ ಮುದ್ರೆ, ಕೈಬರಹ ಅಲ್ಲೇ ಇರುತ್ತವೆ. 35 ಮಿಲಿಮೀಟರ್ ಸ್ಲೈಡಿಗೆ 3000ದಿಂದ 4000. ಇನ್‌ಫ್ರಾರೆಡ್ ಬಳಸಿ ಧೂಳು ತೆಗೆಯುವ ಸೌಲಭ್ಯ ಬಣ್ಣದ ನೆಗೆಟಿವ್‌ಗಳಿಗೆ ಸರಿ. ಕಪ್ಪುಬಿಳುಪು ನೆಗೆಟಿವ್‌ನಲ್ಲಿ ಚಿತ್ರವೇ ಬೆಳ್ಳಿಯದು, ಅದನ್ನೂ ಧೂಳೆಂದು ತಿಳಿದು ಚಿತ್ರ ಕೆಡಿಸುತ್ತದೆ.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಅಂಟು ಆಲ್ಬಮ್‌ಗಳಿಂದ ಫೋಟೊ ಎಳೆಯಬೇಡಿ. ಹಲ್ಲು ಶುಚಿ ಮಾಡುವ ದಾರವನ್ನು ಮೂಲೆಯಿಂದ ತೂರಿಸಿ, ಗರಗಸದಂತೆ ನಿಧಾನ ಆಡಿಸಿದರೆ ಬಿಡುತ್ತದೆ. ಬಿಡದಿದ್ದರೆ ಹಾಳೆಯನ್ನೇ ಪೂರ್ತಿ ಸ್ಕ್ಯಾನ್ ಮಾಡಿ ಸುಮ್ಮನಾಗಿ. ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಮಾತ್ರ. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಉಬ್ಬುತ್ತದೆ, ಶಾಯಿ ಪಕ್ಕದ ಫೋಟೊಗೆ ಅಂಟುತ್ತದೆ.

ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ನನಗೆ ಐದಾರು ಗಂಟೆ ಹಿಡಿಯಿತು. ತಂತ್ರಾಂಶಕ್ಕೆ ಕೊಟ್ಟರೆ ಹೆಸರುಗಳೂ ಆಡುಮಾತೂ ಕೆಡುತ್ತವೆ, ತಿದ್ದಲು ಅಷ್ಟೇ ಹೊತ್ತು. ಅದಕ್ಕೇ ಮೊದಲು ಐದೈದು ನಿಮಿಷಕ್ಕೆ ಒಂದು ಸಾಲಿನ ಸೂಚಿ ಮಾಡಿ, ಬೇಕಾದ ಭಾಗಗಳನ್ನಷ್ಟೇ ಪೂರ್ತಿ ಬರೆದೆ. ಅವರ ಮಾತನ್ನು ಪುಸ್ತಕದ ಕನ್ನಡ ಮಾಡಬೇಡಿ. ‘ಹೋಗಿದ್ವಿ’ ಎಂದದ್ದು ‘ಹೋಗಿದ್ದೆವು’ ಆದರೆ ಅಲ್ಲಿ ಅಜ್ಜಿ ಇರುವುದಿಲ್ಲ.

‘ಇದು ಬರೀಬೇಡ’ ಎಂದಾಗ ಅವರಿಗೆ ಕಾಣುವಂತೆ ಬಟನ್ ಒತ್ತಿ ನಿಲ್ಲಿಸಬೇಕು. ಒಮ್ಮೆ ಮೋಸ ಮಾಡಿದರೆ ಮುಂದಿನ ಮಾತೆಲ್ಲ ಹೋಯಿತು. ಪ್ರತಿಗಳು ಮೂರು, ಅದರಲ್ಲೊಂದು ಬೇರೆ ಮನೆಯಲ್ಲಿ. ವಾಟ್ಸಾಪಿನಲ್ಲಿ ಫೋಟೊ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ, ಇಲ್ಲವಾದರೆ ಕುಗ್ಗಿ ಹೋಗುತ್ತದೆ.

ಕೊನೆಗೆ ಆದದ್ದು ನಲವತ್ತು ಪುಟದ ಪುಸ್ತಕ, 18 ಪಾಯಿಂಟಿನ ದೊಡ್ಡ ಅಕ್ಷರ, ಎಡಪುಟಗಳೆಲ್ಲ ಖಾಲಿ, ಬೆನ್ನಿಗೆ ದಾರದಿಂದ ಕಟ್ಟಿದ ಪೆನ್ಸಿಲ್. ಎರಡು ವಾರದಲ್ಲಿ ಅಜ್ಜಿ ಹದಿನೇಳು ಕಡೆ ತಿದ್ದಿದ್ದರು. ಒಂಬತ್ತು ಕಡೆ ಹೆಸರುಗಳು, ಏಳು ಕಡೆ ‘ಇನ್ನೂ ಇದೆ, ಬಂದು ಕೇಳು’, ಒಂದು ಕಡೆ ‘ಈ ಸಾಲು ತೆಗೆ’. ಆ ಸಾಲು ತೆಗೆದು, ಪುಟ ಬದಲಿಸಿ, ಹಳೆಯ ಪುಟವನ್ನು ಅವರ ಕೈಗೇ ಕೊಟ್ಟೆ.