ಎರಡು ಪೆಗ್, ಮೂರು ಗಂಟೆಯ ಅಲಾರಂ

ನನಗೆ ಟೈಪ್ ಒನ್ ಶುಗರ್, ಅಂದರೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕಾದ ಶುಗರ್ ಕಾಯಿಲೆ, ಬಂದಿದ್ದು ಹದಿನಾರನೇ ವಯಸ್ಸಿಗೆ. ಕುಡಿಯೋದು ಶುರುವಾಗಿದ್ದು ಕೆಲಸ ಸಿಕ್ಕ ಮೇಲೆ. ಎರಡನ್ನೂ ಹೇಗೆ ಸಂಭಾಳಿಸೋದು ಅಂತ ಡಾಕ್ಟರನ್ನು ಕೇಳಿರಲಿಲ್ಲ. ಬೈತಾರೆ ಅನ್ನೋ ಭಯ.

ಗೆಳೆಯನ ಮದುವೆಗೆ ಸಕಲೇಶಪುರದ ಹತ್ತಿರ ಅವನ ಮನೆಗೆ ಹೋಗಿದ್ದೆವು. ಹಿಂದಿನ ರಾತ್ರಿ 650 ಮಿಲಿಯ ಎರಡು ಬಾಟಲಿ ಬಿಯರ್ ಕುಡಿದೆ, ಕುಣಿದೆ. ಹನ್ನೊಂದಕ್ಕೆ ಬೆರಳು ಚುಚ್ಚಿ ನೋಡಿದರೆ ಶುಗರ್ 268. ಗಾಬರಿಯಾಗಿ ಆರು ಯೂನಿಟ್ ಇನ್ಸುಲಿನ್ ಹಾಕಿಕೊಂಡೆ. ಊಟಕ್ಕೆ ಕರೆದರೆ 'ಶುಗರ್ ಜಾಸ್ತಿ ಇದೆ' ಅಂತ ಹೇಳಿ ಮಲಗಿಬಿಟ್ಟೆ.

ಬೆಳಗಿನ ಜಾವ ಬನಿಯನ್ ಬೆವರಲ್ಲಿ ಒದ್ದೆ. ನಾಲಿಗೆ ತೊದಲುತ್ತಿತ್ತು. 'ಇನ್ನೂ ಇಳಿದಿಲ್ಲ ಇವನಿಗೆ, ಮಲಗಲಿ ಬಿಡು' ಅಂತ ಪಕ್ಕದವನು ಹೇಳಿದ್ದು ಕೇಳಿಸಿತು. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಒಲೆ ಹಚ್ಚಲು ಎದ್ದಿದ್ದ ಗೆಳೆಯನ ಅಮ್ಮ ಬಂದು ಹಣೆ ಮುಟ್ಟಿದರು. 'ಸೂಜಿ ತಗೊಳ್ಳೋ ಹುಡುಗ ಅಲ್ವೇನ್ರೋ ಇವನು? ಸಕ್ಕರೆ ತನ್ನಿ!' ನುಂಗೋ ಅಷ್ಟು ಎಚ್ಚರ ನನಗಿತ್ತು, ಪುಣ್ಯ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೇ ಓಡಬೇಕು. ಸಕ್ಕರೆ ನೀರು ಕುಡಿದ ಮೇಲೂ ಮೀಟರ್ 47 ತೋರಿಸಿತು.

ಆಮೇಲೆ ಡಾಕ್ಟರ್ ಹತ್ತಿರ ಎಲ್ಲ ಬಿಚ್ಚಿ ಹೇಳಿದೆ. ಬೈಯಲಿಲ್ಲ. ಊಟ ಇಲ್ಲದ ಹೊತ್ತಲ್ಲಿ ಲಿವರ್ ತಾನೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಾ ಇರುತ್ತದಂತೆ. ಎಣ್ಣೆ ಒಳಗೆ ಹೋದರೆ ಅದು ಎಣ್ಣೆ ಕರಗಿಸೋದರಲ್ಲೇ ಮುಳುಗಿ, ಈ ತಯಾರಿ ಕುಂಠಿತವಾಗುತ್ತದೆ. ಹಾಕಿಕೊಂಡ ಇನ್ಸುಲಿನ್ ಮಾತ್ರ ಸುಮ್ನೆ ಕೂರಲ್ಲ. ಬಿಯರಿನ ಪಿಷ್ಟ, ಅಂದರೆ ಕಾರ್ಬ್‌ನಿಂದ ಮೊದಲು ಏರಿದ ಶುಗರ್ ಗಂಟೆಗಟ್ಟಲೆ ಆದ ಮೇಲೆ, ಮಾರನೇ ದಿನವೂ, ಬೀಳಬಹುದು. ಕುಡಿದಾಗ, ಬಿದ್ದ ಶುಗರ್ ಏರಿಸೋಕೆ ಕೊಡೋ ಗ್ಲುಕಗಾನ್ ಇಂಜೆಕ್ಷನ್ ಕೂಡ ಸರಿಯಾಗಿ ಕೆಲಸ ಮಾಡದೆ ಹೋಗಬಹುದು, ಯಾಕೆಂದರೆ ಅದೂ ಲಿವರನ್ನೇ ನಂಬಿಕೊಂಡಿದೆ. ಅಂದರೆ 268 ಅಲ್ಲ, ಅದನ್ನು ನೋಡಿ ನಾನು ಹಾಕಿಕೊಂಡ ಆರು ಯೂನಿಟ್ಟೇ ನನ್ನನ್ನು ಬೀಳಿಸಿದ್ದು. ಖಾಲಿ ಹೊಟ್ಟೆ, ಕುಣಿತ ಅದಕ್ಕೆ ಸೇರಿಕೊಂಡವು.

ಈಗ ಊಟ ಮೊದಲು. ಅನ್ನವೋ ಚಪಾತಿಯೋ ಹೊಟ್ಟೆಗೆ ಬೀಳದೆ ಗ್ಲಾಸ್ ಮುಟ್ಟಲ್ಲ. ಊಟದ ಇನ್ಸುಲಿನ್ ಊಟಕ್ಕಷ್ಟೇ. ರಾತ್ರಿಯ ಬೇಸಲ್ ಡೋಸ್, ಅಂದರೆ ನಿಧಾನಕ್ಕೆ ಕೆಲಸ ಮಾಡೋ ಇನ್ಸುಲಿನ್, ಬಿಡೋ ಹಾಗಿಲ್ಲ. ಬಿಟ್ಟರೆ ಕೀಟೋನ್ ಕಾಟ, ಅಂದರೆ ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಸೇರೋದು. ಆ ಡೋಸ್ ಎಷ್ಟು ಇಳಿಸಬೇಕು ಅನ್ನೋದು ನನ್ನ ಡಾಕ್ಟರ್ ಕೊಟ್ಟ ಲೆಕ್ಕ, ನಿಮಗೆ ನಿಮ್ಮವರು ಹೇಳಬೇಕು. ವಿಸ್ಕಿ ಆದರೆ 30 ಮಿಲಿಯ ಎರಡು ಪೆಗ್, ಸೋಡಾ ಅಥವಾ ನೀರಲ್ಲಿ. ವಿಸ್ಕಿಯಲ್ಲಿ ಸಕ್ಕರೆ ಇಲ್ಲ. 200 ಮಿಲಿ ಕೋಲಾ ಬೆರೆಸಿದರೆ 20 ಗ್ರಾಂ ಸಕ್ಕರೆ ಒಳಗೆ ಹೋಯಿತು. ದೊಡ್ಡ ಬಾಟಲಿ ಬಿಯರಿನಲ್ಲೂ ಹತ್ತಿರ ಹತ್ತಿರ ಅಷ್ಟೇ ಕಾರ್ಬ್ ಇರುತ್ತದೆ.

ಜೊತೆಗಿರೋ ಒಬ್ಬನಿಗಾದರೂ ಮೊದಲೇ ಹೇಳಿರುತ್ತೇನೆ: 'ನಾನು ತೊದಲಿದರೆ ನಶೆ ಅಂದ್ಕೋಬೇಡ, ಮೊದಲು ಬೆರಳು ಚುಚ್ಚು.' ಗ್ಲೂಕೋಸ್ ಪುಡಿ ಜೇಬಲ್ಲೇ ಇರುತ್ತದೆ, ಬ್ಯಾಗಲ್ಲಿ ಅಲ್ಲ. ಬ್ಯಾಗ್ ಯಾವಾಗಲೂ ಇನ್ನೊಬ್ಬರ ಕಾರಿನಲ್ಲಿರುತ್ತದೆ!

ಮಲಗುವಾಗ 150ಕ್ಕಿಂತ ಕಡಿಮೆ ಇದ್ದರೆ ಮೊಸರನ್ನವೋ ಬ್ರೆಡ್ಡೋ ತಿಂತೀನಿ. 250 ಇದ್ದರೂ ಆ ಹೊತ್ತಲ್ಲಿ ಕರೆಕ್ಷನ್, ಅಂದರೆ ಏರಿದ ಶುಗರ್ ಇಳಿಸೋ ಹೆಚ್ಚುವರಿ ಇನ್ಸುಲಿನ್, ಹಾಕಿಕೊಳ್ಳಲ್ಲ, ಕೀಟೋನ್ ನೋಡ್ತೀನಿ. ಶುಗರ್ ನೋಡೋಕೆ ರಾತ್ರಿ ಮೂರು ಗಂಟೆಗೆ ಅಲಾರಂ. ಬೆಳಿಗ್ಗೆ ತಲೆ ಎಷ್ಟೇ ಸಿಡಿಯಲಿ, ಎದ್ದು ಶುಗರ್ ನೋಡಿ ಇಡ್ಲಿ ತಿಂದೇ ಮತ್ತೆ ಮಲಗೋದು. ಅವತ್ತು ಜಿಮ್ ಇಲ್ಲ.

ನಿಜ ಹೇಳಬೇಕೆಂದರೆ, ಇಷ್ಟೆಲ್ಲ ರಗಳೆ ನೆನೆಸಿಕೊಂಡು ಎಷ್ಟೋ ಸಲ ಉಪ್ಪು ಹಾಕಿದ ನಿಂಬೆ ಸೋಡಾ ಕುಡಿದು ಎದ್ದು ಬರ್ತೀನಿ. ಆ ರಾತ್ರಿ ಅಲಾರಂ ಇಡೋ ಕೆಲಸ ಇರಲ್ಲ.